ಬಾಗೇವಾಡಿಯ ಹುಡುಗ, ಕಲ್ಯಾಣದ ಬಾಗಿಲು

ಎಂ.ಎಸ್. ಮಾಡೋಕೆ ಹೊರಟಿರೋ ಸೀನಿಯರ್‌ಗಳ ಪಕ್ಕ ಕ್ಯಾಂಟೀನಲ್ಲಿ ಹತ್ತು ನಿಮಿಷ ಕೂತರೆ ಸಾಕು, ದೇಶದೇಶಗಳ ಕಾನೂನು ನಮಗೂ ಬಾಯಿಪಾಠ ಆಗಿಬಿಡುತ್ತೆ. ಎಲ್ಲಿ ಎಷ್ಟು ವರ್ಷ ಇದ್ದರೆ ಪಿ.ಆರ್. ಕೊಡ್ತಾರೆ, ಅದಾದ ಮೇಲೆ ಪೌರತ್ವಕ್ಕೆ ಎಷ್ಟು ವರ್ಷ ಕಾಯಬೇಕು, ಭಾಷೆಯ ಪರೀಕ್ಷೆ ಎಷ್ಟು ಕಷ್ಟ, ಇವೇ ಮಾತು. ಬ್ರಿಟನ್ನಿನ ಪೌರತ್ವ ಬೇಕು ಅಂದರೆ ಇಂಗ್ಲಿಷ್ ಬರಬೇಕು, ಜೊತೆಗೆ ಆ ದೇಶದ ಇತಿಹಾಸ, ರೀತಿನೀತಿ ಬಗ್ಗೆ 24 ಪ್ರಶ್ನೆಗಳ ಒಂದು ಪರೀಕ್ಷೆ ಬರೀಬೇಕು. 45 ನಿಮಿಷದಲ್ಲಿ 18 ಸರಿ ಇದ್ದರೆ ಪಾಸು. ನಮ್ಮ ಇಂಟರ್ನಲ್ಸ್‌ಗಿಂತ ಕಷ್ಟ ಏನಲ್ಲ ಬಿಡಿ, ಆದರೆ ಅಲ್ಲಿವರೆಗೆ ತಲುಪೋಕೇ ಎಷ್ಟೋ ವರ್ಷ ಬೇಕು.

ನಮ್ಮ ದೇಶದ ಕಾನೂನೂ ಸಡಿಲವಾಗಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಹೊರದೇಶದವರು ಭಾರತೀಯರಾಗಬೇಕಾದರೆ ಸಾಮಾನ್ಯವಾಗಿ ಅರ್ಜಿ ಹಾಕೋ ಮೊದಲಿನ 12 ತಿಂಗಳು ಇಲ್ಲೇ ಇರಬೇಕು, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಇಲ್ಲಿ ಕಳೆದಿರಬೇಕು. ನಡತೆ ಒಳ್ಳೆಯದಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರೋ ಭಾಷೆಗಳಲ್ಲಿ ಒಂದಾದರೂ ತಕ್ಕಮಟ್ಟಿಗೆ ಗೊತ್ತಿರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಅಂದರೆ ಕನ್ನಡ ಕಲಿತ ಮನುಷ್ಯ ಭಾರತೀಯ ಆಗೋಕೆ ಬೇಕಾದ ಭಾಷೆಯ ಅರ್ಹತೆಯನ್ನು ಗಳಿಸಿಕೊಂಡ ಹಾಗೆ!

ಅಷ್ಟು ದೂರ ಯಾಕೆ, ಸಿಇಟಿ ಅರ್ಜಿ ತುಂಬಿದ ನಮಗೆಲ್ಲ ಇದರ ಸಣ್ಣ ರೂಪ ಗೊತ್ತೇ ಇದೆ. ಕರ್ನಾಟಕದಲ್ಲಿ 7 ವರ್ಷ ಓದಿದ ಪ್ರಮಾಣಪತ್ರಕ್ಕೆ ಶಾಲೆಯಿಂದ ಬಿಇಓ ಆಫೀಸಿಗೆ ಓಡಾಡಿದ್ದು ಯಾರಿಗೆ ಮರೆತಿದೆ? ಹೊರನಾಡು, ಗಡಿನಾಡು ಕನ್ನಡಿಗರಾಗಿ ಸೀಟು ಕೇಳುವವರಿಗೆ ಕೆಇಎ ಕನ್ನಡ ಭಾಷಾ ಪರೀಕ್ಷೆ ಇಡುತ್ತೆ. ಬೀದರ್, ಕಲಬುರಗಿ ಕಡೆಯ ಗೆಳೆಯರಿಗೆ 371(ಜೆ) ಪ್ರಮಾಣಪತ್ರ ಇದೆ.

ಒಬ್ಬ ಮನುಷ್ಯ ಒಂದು ನಾಡಿಗೆ ಸೇರಿದವನು ಅಂತ ಯಾವಾಗ ಒಪ್ಪಿಕೊಳ್ಳಬೇಕು? ಅಲ್ಲಿ ಹುಟ್ಟಿದ್ದಕ್ಕಾ, ಇಷ್ಟು ವರ್ಷ ಇದ್ದದ್ದಕ್ಕಾ, ಭಾಷೆ ಕಲಿತದ್ದಕ್ಕಾ, ದುಡಿದದ್ದಕ್ಕಾ? ಸುಮಾರು 850 ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ತಮ್ಮ ಬದುಕಿನಲ್ಲೇ ಎದುರಿಸಿದವರು ನಮ್ಮ ವಿಜಯಪುರ ಜಿಲ್ಲೆಯ ಬಸವಣ್ಣನವರು. ಅವರ ವಚನಗಳು ನಮಗೆಲ್ಲ ಶಾಲೆಯಿಂದಲೇ ಗೊತ್ತು, ಹಾಗಾಗಿ ಇಲ್ಲಿ ಒಂದನ್ನೂ ಬರೆಯೋದಿಲ್ಲ. ಊರು ಬಿಟ್ಟು ಊರಿಗೆ ಹೋದ ಒಬ್ಬ ವಲಸಿಗನಾಗಿ, ಆಮೇಲೆ ಬೇರೆ ವಲಸಿಗರಿಗೆ ಬಾಗಿಲು ತೆರೆದವರಾಗಿ ಅವರ ಬದುಕನ್ನು ನೋಡೋಣ ಅಂತ ಅಷ್ಟೇ.

ಮೊದಲ ಅರ್ಹತಾಪತ್ರ

12ನೇ ಶತಮಾನದ ಮೊದಲ ಭಾಗ. ಆಗ ನಮ್ಮ ಈ ಭಾಗವನ್ನು ತರ್ದವಾಡಿ ನಾಡು ಅಂತ ಕರೀತಿದ್ದರು. ಅದರಲ್ಲಿ ಬಾಗೇವಾಡಿ ಒಂದು ಅಗ್ರಹಾರ. ಅಲ್ಲಿನ ಪ್ರಮುಖರು ಮಾದರಸ, ಅವರ ಹೆಂಡತಿ ಮಾದಲಾಂಬಿಕೆ. ಇವರ ಮಗನೇ ಬಸವ. ಬಾಗೇವಾಡಿಯ ಹತ್ತಿರದ ಇಂಗಳೇಶ್ವರ ತಾಯಿಯ ತವರು, ಹುಟ್ಟಿದ್ದು ಅಲ್ಲೇ ಅಂತ ಆ ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ಇದೆಲ್ಲ ಬರೀ ಪುರಾಣದ ಮಾತಲ್ಲ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಇದೆ. ಬಸವಣ್ಣನವರು ಹೋಗಿ ನೂರು ವರ್ಷ ಆಗೋಷ್ಟರಲ್ಲಿ ಕೆತ್ತಿದ ಆ ಕಲ್ಲಿನಲ್ಲಿ ತರ್ದವಾಡಿ, ಬಾಗೇವಾಡಿ, ಮಾದಿರಾಜ, ಸಂಗನಬಸವ ಎಲ್ಲ ಹೆಸರುಗಳೂ ಇವೆ.

ಅಗ್ರಹಾರದಲ್ಲಿ ಹುಟ್ಟಿದ ಹುಡುಗನಿಗೆ ಉಪನಯನ ಅಂದರೆ ಅರ್ಹತಾಪತ್ರ ಇದ್ದ ಹಾಗೆ. ವೇದ ಓದೋ ಹಕ್ಕು, ಯಜ್ಞದಲ್ಲಿ ಕೂರೋ ಹಕ್ಕು, ಊರಿನ ದೊಡ್ಡವರ ಸಾಲಿನಲ್ಲಿ ಜಾಗ ಎಲ್ಲ ಅದರಿಂದಲೇ. ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ, ಇಂಥ ಮನೆಯಲ್ಲಿ ಇಂಥವರ ಮಗನಾಗಿ ಹುಟ್ಟಿದ್ದರೆ ಮುಗೀತು. ಆ ಮನೆಯಲ್ಲೇ ಹುಟ್ಟಿದ ಅಕ್ಕ ನಾಗಮ್ಮನಿಗೆ ಮಾತ್ರ ಅದು ಇಲ್ಲ. ಅಕ್ಕನಿಗೆ ಇಲ್ಲದ್ದು ತನಗ್ಯಾಕೆ ಅಂತ ಹುಡುಗ ಕೇಳಿದ, ಉತ್ತರ ಸಿಗಲಿಲ್ಲ ಅನ್ನೋದು ನಮ್ಮ ಕಡೆ ಮನೆಮನೆಯಲ್ಲಿ ಹೇಳೋ ಕಥೆ. ಕವಿ ಹರಿಹರ ಬೇರೆ ತರ ಹೇಳ್ತಾನೆ. ಅವನ ರಗಳೆಯಲ್ಲಿ ಬಸವ ಹದಿನಾರು ವರ್ಷಕ್ಕೆ ಜನಿವಾರ ಕಿತ್ತುಹಾಕಿ ಊರು ಬಿಡ್ತಾನೆ. ಎರಡರಲ್ಲೂ ತಿರುಳು ಒಂದೇ: ಹುಟ್ಟಿನಿಂದ ಪುಕ್ಕಟೆ ಬಂದ ಅರ್ಹತೆಯನ್ನು ಅವರು ವಾಪಸ್ ಕೊಟ್ಟರು.

ಇದು ಸಣ್ಣ ಮಾತಲ್ಲ ಗೆಳೆಯರೇ. ನಮ್ಮ ಸಂವಿಧಾನ ಎರಡು ದೇಶಗಳ ಪೌರತ್ವವನ್ನು ಒಟ್ಟಿಗೆ ಇಟ್ಟುಕೊಳ್ಳೋಕೆ ಬಿಡೋದಿಲ್ಲ. ಬೇರೆ ದೇಶದ ಪೌರತ್ವ ತಗೊಂಡ ದಿನ ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕು. ಆದರೆ ಅವರಿಗೆ ಇನ್ನೊಂದು ಕೈಯಲ್ಲಿ ಹೊಸ ಪಾಸ್‌ಪೋರ್ಟ್ ಇರುತ್ತೆ. ಹದಿನಾರು ವರ್ಷದ ಆ ಹುಡುಗನ ಕೈಯಲ್ಲಿ ಏನೂ ಇರಲಿಲ್ಲ. ನಮಗಿಂತ ಮೂರು ವರ್ಷ ಚಿಕ್ಕವರು!

ಲೆಕ್ಕ ಗೊತ್ತಿದ್ದವರು

ಹೋದದ್ದು ಕೂಡಲಸಂಗಮಕ್ಕೆ. ಕೃಷ್ಣೆ, ಮಲಪ್ರಭೆ ಸೇರೋ ಜಾಗ, ಈಗಿನ ಬಾಗಲಕೋಟೆ ಜಿಲ್ಲೆ. ಅಲ್ಲಿ ಗುರುಗಳ ಆಶ್ರಯದಲ್ಲಿ ಓದು, ಸಂಗಮನಾಥನ ಪೂಜೆ. ಮುಂದೆ ಅವರ ಎಲ್ಲ ವಚನಗಳ ಕೊನೆಗೂ ಬರೋ ಹೆಸರು ಈ ಜಾಗದ ದೇವರದ್ದೇ. ಹುಟ್ಟಿದ ಊರಿನ ಹೆಸರಲ್ಲ, ಆಸರೆ ಕೊಟ್ಟ ಊರಿನ ಹೆಸರನ್ನು ಅವರು ಜೀವನ ಪೂರ್ತಿ ಜೊತೆಗಿಟ್ಟುಕೊಂಡರು.

ಅಲ್ಲಿಂದ ಮಂಗಳವೇಢೆಗೆ. ಈಗ ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಆಗ ಕಲಚುರಿ ಬಿಜ್ಜಳ ಅಲ್ಲಿ ಚಾಲುಕ್ಯರ ಮಾಂಡಲಿಕ. ಬಸವಣ್ಣನವರ ಸೋದರಮಾವ ಬಲದೇವ ಅಲ್ಲಿ ಮಂತ್ರಿ ಆಗಿದ್ದರು ಅಂತ ಒಂದು ಪರಂಪರೆ ಹೇಳುತ್ತೆ. ಆದರೆ ಹರಿಹರ ಹೇಳೋ ಕಥೆ ನಮಗೆ ಹೆಚ್ಚು ಇಷ್ಟ. ಅದರಲ್ಲಿ ಬಸವಣ್ಣ ಕರಣಿಕರ ಸಾಲಿನಲ್ಲಿ ಹೋಗಿ ಕೂತುಕೊಳ್ತಾರೆ, ಅವರು ಬರೀತಿರೋ ಲೆಕ್ಕದಲ್ಲಿ ತಪ್ಪು ತೋರಿಸ್ತಾರೆ, ಕೆಲಸ ಸಿಗುತ್ತೆ. ರೆಫರೆನ್ಸ್ ಇಲ್ಲ, ರೆಸ್ಯೂಮ್ ಇಲ್ಲ, ನೇರ ಟೆಕ್ನಿಕಲ್ ರೌಂಡ್! ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ಕೈಯಲ್ಲಿರೋ ವಿದ್ಯೆಯಿಂದಲೇ ಹೊಸ ಊರಲ್ಲಿ ಜಾಗ ಮಾಡಿಕೊಂಡವರು ಅವರು.

ಬಿಜ್ಜಳ ಬೆಳೀತಾ ಹೋದ. ಚಾಲುಕ್ಯರ ಬಲ ಕುಗ್ಗಿದಾಗ ಅವರ ರಾಜಧಾನಿ ಕಲ್ಯಾಣವನ್ನೇ ತನ್ನ ಕೈಗೆ ತಗೊಂಡ, 1162ರ ಹೊತ್ತಿಗೆ ಅವನೇ ಚಕ್ರವರ್ತಿ. ಬಸವಣ್ಣನವರೂ ಕರಣಿಕನ ಕೆಲಸದಿಂದ ಮೇಲೇರಿ ಭಂಡಾರಿಯಾದರು. ಅಂದರೆ ಸಾಮ್ರಾಜ್ಯದ ಇಡೀ ಹಣಕಾಸು ಅವರ ಕೈಯಲ್ಲಿ. ಬಾಗೇವಾಡಿ ಬಿಟ್ಟು ಬರಿಗೈಲಿ ಬಂದವರಿಗೆ ಹೊಸ ಊರು ಇದಕ್ಕಿಂತ ಹೆಚ್ಚು ಏನು ಕೊಡಬಲ್ಲದು? ಅಲ್ಲಿಗೆ ನೆಮ್ಮದಿಯಾಗಿ ಕೂರಬಹುದಿತ್ತು. ಎಷ್ಟೋ ಜನ ಹಾಗೇ ಮಾಡ್ತಾರೆ: ತಾವು ಒಳಗೆ ಬಂದ ಮೇಲೆ ಬಾಗಿಲ ಚಿಲಕ ಹಾಕಿಬಿಡ್ತಾರೆ. ಅವರು ಮಾಡಿದ್ದು ಇದರ ಉಲ್ಟಾ.

ಕಲ್ಯಾಣದ ಮೂರು ಷರತ್ತು

ಕಲ್ಯಾಣಕ್ಕೆ ಯಾರ್ಯಾರು ಬಂದರು ನೋಡಿ. ಅಲ್ಲಮಪ್ರಭು ಶಿವಮೊಗ್ಗ ಕಡೆಯ ಬಳ್ಳಿಗಾವಿಯವರು, ಮದ್ದಳೆ ಬಾರಿಸುವವರು. ಅಕ್ಕಮಹಾದೇವಿ ಉಡುತಡಿಯಿಂದ. ಸಿದ್ಧರಾಮ ಸೊನ್ನಲಿಗೆಯಿಂದ, ಅಂದರೆ ಇವತ್ತಿನ ಸೊಲ್ಲಾಪುರ. ಮಡಿವಾಳ ಮಾಚಯ್ಯ ನಮ್ಮ ದೇವರ ಹಿಪ್ಪರಗಿಯವರು, ಹಗ್ಗ ಹೊಸೆಯೋ ನುಲಿಯ ಚಂದಯ್ಯ ನಮ್ಮದೇ ಜಿಲ್ಲೆಯ ಶಿವಣಗಿಯವರು. ಉರಿಲಿಂಗಪೆದ್ದಿ ಆಂಧ್ರದ ಕಡೆಯವರು. ಮೋಳಿಗೆಯ ಮಾರಯ್ಯ, ಅವರ ಹೆಂಡತಿ ಮಹಾದೇವಿ ಕಾಶ್ಮೀರದಿಂದ ಬಂದ ರಾಜದಂಪತಿ ಅಂತ ಪರಂಪರೆ ಹೇಳುತ್ತೆ. ಮರುಳಶಂಕರದೇವರು ಇನ್ನೂ ದೂರದ ಅಫ್ಘಾನಿಸ್ತಾನದ ಕಡೆಯಿಂದ ಅಂತ.

ಇಷ್ಟು ಜನರನ್ನು ಸೇರಿಸಿಕೊಂಡ ಶರಣರ ಬಳಗ ಷರತ್ತೇ ಇಲ್ಲದ ಛತ್ರ ಆಗಿರಲಿಲ್ಲ. ಅಲ್ಲಿ ಮೂರು ಷರತ್ತು ಇದ್ದವು. ಒಂದು, ಅಂಗೈಯಲ್ಲಿ ಇಷ್ಟಲಿಂಗ. ಎರಡು, ಕಾಯಕ, ಅಂದರೆ ತನ್ನ ಅನ್ನವನ್ನು ತಾನೇ ದುಡಿದು ತಿನ್ನಬೇಕು. ಮೂರು, ದಾಸೋಹ, ದುಡಿದದ್ದರಲ್ಲಿ ಉಳಿದದ್ದು ಇತರರಿಗೆ. ಎಲ್ಲಿ ಹುಟ್ಟಿದೆ, ಯಾವ ಜಾತಿ, ಗಂಡೋ ಹೆಣ್ಣೋ, ಇವು ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಇದರಲ್ಲಿ ಮುಖ್ಯ ಅನಿಸೋದು ಒಂದು ವಿಷಯ. ಆ ಮೂರೂ ಷರತ್ತುಗಳು ಮನುಷ್ಯ ಮನಸ್ಸು ಮಾಡಿದರೆ ಪೂರೈಸಬಹುದಾದವು. ಹುಟ್ಟನ್ನು ಯಾರೂ ಬದಲಾಯಿಸಿಕೊಳ್ಳೋಕೆ ಆಗಲ್ಲ, ಕೆಲಸವನ್ನು ಯಾರು ಬೇಕಾದರೂ ಮಾಡಬಹುದು.

ಷರತ್ತು ಅಂದಮೇಲೆ ವಿನಾಯಿತಿ ಇರಬಾರದು, ಅದೂ ಇರಲಿಲ್ಲ. ಕಾಶ್ಮೀರದ ರಾಜ ಅಂತ ಹೇಳೋ ಮಾರಯ್ಯ ಕಲ್ಯಾಣದಲ್ಲಿ ಮಾಡಿದ್ದು ಕಟ್ಟಿಗೆ ಮಾರೋ ಕೆಲಸ. ಅವರ ಬಡತನ ನೋಡಲಾರದೆ ಬಸವಣ್ಣನವರು ಗುಟ್ಟಾಗಿ ಅವರ ಗುಡಿಸಲಿನಲ್ಲಿ ಹೊನ್ನು ಇಟ್ಟು ಬಂದರಂತೆ. ಮಾರಯ್ಯ ಅದನ್ನು ಮುಟ್ಟಲಿಲ್ಲ, ಜಂಗಮರಿಗೆ ಕೊಟ್ಟುಬಿಟ್ಟರು. ಅಂಗಳದಲ್ಲಿ ಬಿದ್ದ ಅಕ್ಕಿ ಆರಿಸಿ ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಅಡುಗೆಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಅಲ್ಲೇ ಚೆಲ್ಲಿ ಬನ್ನಿ ಅಂತ ವಾಪಸ್ ಕಳಿಸಿದರು. ನುಲಿಯ ಚಂದಯ್ಯನವರ ಕಥೆ ಎಲ್ಲಕ್ಕಿಂತ ಮಜಾ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ನೀರಿಗೆ ಜಾರಿತು. ಅವರು ತಿರುಗಿಯೂ ನೋಡದೆ ಕೆಲಸ ಮುಂದುವರೆಸಿದರು, ಕೊನೆಗೆ ಲಿಂಗವೇ ಹಿಂದೆ ಬಂದು ಹಗ್ಗ ಮಾರಿಕೊಡಬೇಕಾಯ್ತಂತೆ! ದೇವರಿಗೂ ಕಾಯಕದಿಂದ ವಿನಾಯಿತಿ ಇಲ್ಲ ಅಂತ.

ಸಂದರ್ಶನವೂ ಇತ್ತು. ಶೂನ್ಯಸಂಪಾದನೆ ಕಟ್ಟಿಕೊಡೋ ಚಿತ್ರದಲ್ಲಿ ಅನುಭವಮಂಟಪದ ಪೀಠದ ಮೇಲೆ ಇರೋದು ಬಸವಣ್ಣನವರಲ್ಲ, ಬಳ್ಳಿಗಾವಿಯಿಂದ ಬಂದ ಅಲ್ಲಮಪ್ರಭು. ಅಕ್ಕಮಹಾದೇವಿ ಬಂದಾಗ ಅವರು ಸುಮ್ಮನೆ ಒಳಗೆ ಕರೆಯಲಿಲ್ಲ. ನಿನ್ನ ಗಂಡ ಯಾರು, ಎಲ್ಲವನ್ನೂ ಬಿಟ್ಟೆ ಅನ್ನೋಳು ಕೂದಲಿನಿಂದ ಮೈ ಯಾಕೆ ಮುಚ್ಚಿಕೊಂಡೆ ಅಂತೆಲ್ಲ ಕೇಳಿದರು. ಈಗ ಓದಿದರೂ ಮುಜುಗರ ಆಗೋ ಪ್ರಶ್ನೆಗಳು. ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟರು. ಉತ್ತರ ಮುಗಿದಾಗ ಕೇಳಿದವರೇ ತಲೆಬಾಗಿದರು. ಒಬ್ಬ ಒಂಟಿ ಹೆಣ್ಣುಮಗಳನ್ನು ಇಷ್ಟು ಕಠಿಣವಾಗಿ ಕೇಳಬೇಕಿತ್ತಾ ಅಂತ ಇವತ್ತು ನಾವು ಕೇಳಬಹುದು, ಕೇಳಲೇಬೇಕು. ಆದರೆ ಉತ್ತರ ಸರಿ ಇದ್ದಾಗ ಬಾಗಿಲು ನಿಜವಾಗಿ ತೆರೆಯಿತು ಅನ್ನೋದೂ ಅಷ್ಟೇ ಮುಖ್ಯ. ಉತ್ತರ ಎಷ್ಟೇ ಸರಿ ಇದ್ದರೂ ಹುಟ್ಟಿದ ದೇಶದ ಕೋಟಾ ತುಂಬಿದೆ, ಇನ್ನೂ ಹಲವು ವರ್ಷ ಕಾಯಿರಿ ಅನ್ನೋ ಅಮೆರಿಕದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರೋ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ ಇದರ ಬೆಲೆ ಗೊತ್ತು.

ಇನ್ನು ಭಾಷೆ. ಬಂದವರು ಕನ್ನಡ ಕಲಿಯಬೇಕು ಅಂತ ಕಲ್ಯಾಣದಲ್ಲಿ ಯಾರೂ ಬೋರ್ಡ್ ಹಾಕಿರಲಿಲ್ಲ. ಆದರೂ ಕಾಶ್ಮೀರದವರು ಅಂತ ಹೇಳೋ ಮಾರಯ್ಯ, ಮಹಾದೇವಿ ಇಬ್ಬರ ವಚನಗಳೂ ನಮಗೆ ಸಿಕ್ಕಿರೋದು ಕನ್ನಡದಲ್ಲಿ. ಉರಿಲಿಂಗಪೆದ್ದಿಗಳದ್ದೂ ಕನ್ನಡ. ಪುಲಿಗೆರೆ ಅಂದರೆ ಈಗಿನ ಲಕ್ಷ್ಮೇಶ್ವರದಲ್ಲಿ ನೆಲೆಸಿದ್ದ ವ್ಯಾಪಾರಿ ಆದಯ್ಯ ಸೌರಾಷ್ಟ್ರದವರು. ಅವರು ವಚನ ಬರೆದದ್ದು ಕನ್ನಡದಲ್ಲಿ, ಅಂಕಿತ ಮಾತ್ರ ಸೌರಾಷ್ಟ್ರ ಸೋಮೇಶ್ವರ. ಬಂದ ನಾಡಿನ ಭಾಷೆ ಬಾಯಲ್ಲಿ, ಬಿಟ್ಟು ಬಂದ ನಾಡಿನ ಹೆಸರು ಕೊನೆಯ ಸಾಲಿನಲ್ಲಿ. ಎರಡಕ್ಕೂ ಜಗಳ ಇರಲಿಲ್ಲ. ಯಾಕೆ ಕಲಿತರು? ಅಲ್ಲಿ ಮಾತಾಡೋಕೆ ಜಾಗ ಸಿಕ್ಕಿತ್ತು, ಕೇಳೋರು ಇದ್ದರು, ಅದಕ್ಕೇ ಕಲಿತಿರಬೇಕು. ಬರದಿದ್ದರೆ ಬೈಯೋರು ಮಾತ್ರ ಇರೋ ಕಡೆ ಯಾವ ಭಾಷೆಯೂ ನಾಲಿಗೆಗೆ ಹತ್ತಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಬಿಹಾರದ ಹುಡುಗನಿಗೆ ಕನ್ನಡ ಬರಲ್ಲ ಅಂತ ಗೊಣಗುವ ನಾವು, ಅವನ ಜೊತೆ ಕೂತು ಎಷ್ಟು ಕನ್ನಡ ಮಾತಾಡಿದ್ದೇವೆ ಅಂತಲೂ ಲೆಕ್ಕ ಹಾಕಬೇಕು.

ಬಾಗಿಲು ಮುಚ್ಚಿದ ದಿನ

ಇದನ್ನೆಲ್ಲ ಎಲ್ಲರೂ ಒಪ್ಪಿದ್ದರು ಅಂತಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಸುರೀತಿದ್ದಾರೆ ಅಂತ ರಾಜನ ಕಿವಿಗೆ ದೂರು ಹೋಯ್ತು. ಬಿಜ್ಜಳ ಲೆಕ್ಕ ತೆಗೆಸಿದ, ಒಂದು ಹಣವೂ ಕಡಿಮೆ ಇರಲಿಲ್ಲ ಅಂತ ಕಥೆ. ಆದರೆ ಜನರ ನಿಜವಾದ ಸಿಟ್ಟು ಹಣದ್ದಲ್ಲ. ಬಂದವರು ಕಟ್ಟಿಗೆ ಮಾರಲಿ, ಬಟ್ಟೆ ಒಗೆಯಲಿ, ಚಪ್ಪಲಿ ಹೊಲಿಯಲಿ, ಅಲ್ಲಿವರೆಗೆ ಊರಿನ ದೊಡ್ಡವರು ಹೇಗೋ ಸಹಿಸಿಕೊಂಡರು. ಅವರು ನಿಜವಾಗಿ ಸಮಾನರಾದ ದಿನ ತಡೆಯೋಕೆ ಆಗಲಿಲ್ಲ.

ಆ ದಿನ ಒಂದು ಮದುವೆಯ ರೂಪದಲ್ಲಿ ಬಂತು. ಸಮಗಾರ ಹರಳಯ್ಯನವರ ಮಗ ಶೀಲವಂತ, ಹುಟ್ಟಿನಿಂದ ಬ್ರಾಹ್ಮಣರಾದ ಮಧುವರಸರ ಮಗಳು ಲಾವಣ್ಯ. ಎರಡೂ ಮನೆಯವರು ಶರಣರು, ಎರಡೂ ಮನೆಗೆ ಒಪ್ಪಿಗೆ. ಕಲ್ಯಾಣದ ನಿಯಮದ ಪ್ರಕಾರ ಅಲ್ಲಿ ಇಬ್ಬರು ಶರಣರ ಮಕ್ಕಳಿದ್ದರು, ಅಷ್ಟೇ. ರಾಜ್ಯದ ನಿಯಮದ ಪ್ರಕಾರ ಅಲ್ಲಿ ಎರಡು ಜಾತಿಗಳಿದ್ದವು. ಒಂದೇ ಊರಿನಲ್ಲಿ ಎರಡು ಅರ್ಹತಾಪಟ್ಟಿ ಇದ್ದರೆ ಎಂದಾದರೂ ಅವು ಡಿಕ್ಕಿ ಹೊಡೆಯಲೇಬೇಕು. ಹರಳಯ್ಯ, ಮಧುವರಸ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರು ಅಂತ ಪರಂಪರೆ ನೋವಿನಿಂದ ನೆನೆಯುತ್ತೆ.

ಆಮೇಲೆ ಊರೇ ಹೊತ್ತಿ ಉರಿಯಿತು. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿದು ಅವನ ಮಗ ಸೋವಿದೇವ ಪಟ್ಟಕ್ಕೆ ಬಂದ, ಬಿಜ್ಜಳನ ಕೊಲೆ ಆಯ್ತು ಅಂತ ಹೇಳ್ತಾರೆ. ಸೈನ್ಯ ಶರಣರ ಬೆನ್ನು ಹತ್ತಿತು. ದೂರದೂರದಿಂದ ಬಂದು ಕಲ್ಯಾಣವನ್ನು ತಮ್ಮ ಊರು ಅಂದುಕೊಂಡಿದ್ದವರು ಒಂದೇ ರಾತ್ರಿಯಲ್ಲಿ ನಿರಾಶ್ರಿತರಾದರು. ಅಕ್ಕ ನಾಗಮ್ಮನವರ ಮಗ ಚನ್ನಬಸವಣ್ಣ ಒಂದು ಗುಂಪನ್ನು ಕಟ್ಟಿಕೊಂಡು ಉತ್ತರ ಕನ್ನಡದ ಕಾಡಿನ ಉಳವಿಗೆ ಹೋದರು. ಅವರು ಹೊತ್ತುಕೊಂಡು ಹೋದದ್ದು ಬಂಗಾರ ಅಲ್ಲ, ವಚನದ ಕಟ್ಟುಗಳು.

ಬಸವಣ್ಣನವರು ಮತ್ತೆ ಕೂಡಲಸಂಗಮಕ್ಕೆ ಬಂದರು. ಜನಿವಾರ ಬಿಟ್ಟ ಹುಡುಗನಿಗೆ ಆಸರೆ ಕೊಟ್ಟ ಅದೇ ನದಿಯ ದಂಡೆ, ಅಧಿಕಾರ ಬಿಟ್ಟ ಭಂಡಾರಿಗೂ ಆಸರೆ ಕೊಟ್ಟಿತು. ಅಲ್ಲೇ ಐಕ್ಯರಾದರು. ನಾರಾಯಣಪುರ ಅಣೆಕಟ್ಟು ಕಟ್ಟಿದ ಮೇಲೆ ಆ ಜಾಗಕ್ಕೆ ಹಿನ್ನೀರು ಬಂತು. ಐಕ್ಯಮಂಟಪ ಮುಳುಗದ ಹಾಗೆ ಸುತ್ತ ಬಾವಿಯಂತೆ ದುಂಡಗೆ ಗೋಡೆ ಕಟ್ಟಿ ಉಳಿಸಿದ್ದಾರೆ. ಮೆಟ್ಟಿಲು ಇಳಿದು ಕೆಳಗೆ ಹೋದರೆ ಸುತ್ತಲೂ ನದಿ, ನಡುವೆ ಒಣಗಿದ ನೆಲದಲ್ಲಿ ಮಂಟಪ. ಸಿವಿಲ್ ಬ್ರಾಂಚಿನವರು ಒಮ್ಮೆಯಾದರೂ ನೋಡಲೇಬೇಕು.

ಇವತ್ತಿನ ಲೆಕ್ಕ

ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯಲ್ಲಿ ಶತಮಾನಗಟ್ಟಲೆ ಮಲಗಿದ್ದವು. ಧಾರವಾಡದಲ್ಲಿ ಹುಟ್ಟಿ ವಿಜಯಪುರಕ್ಕೆ ವಕೀಲಿಕೆಗೆ ಬಂದ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು, ಮುದ್ರಣಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರಿಲ್ಲದಿದ್ದರೆ ನಮ್ಮ ಪಠ್ಯಪುಸ್ತಕದಲ್ಲಿ ಇವರ್ಯಾರೂ ಇರ್ತಿರಲಿಲ್ಲ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣ ಆಯ್ತು. ಅದಕ್ಕೆ ಓಡಾಡಿದವರು ಕಲಬುರಗಿ ಕಡೆಯಿಂದ ಹೋಗಿ ಅಲ್ಲಿನ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ವಲಸಿಗರಿಗೆ 24 ಪ್ರಶ್ನೆ ಕೇಳೋ ದೇಶದಲ್ಲಿ ಹೀಗೆ ಒಬ್ಬ ವಲಸಿಗರ ಕೈಯಿಂದ ಇನ್ನೊಬ್ಬ ವಲಸಿಗರಿಗೆ ಜಾಗ ಸಿಕ್ಕಿತು.

ನಮ್ಮ ಬಗ್ಗೆಯೂ ಒಂದು ಮಾತು. 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದೊಂದೇ ಸಾಕಾಗಲ್ಲ. ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಸೆಕೆಂಡ್ ಇಯರ್‌ನಲ್ಲಿರೋ ನಾವು ಹೆಚ್ಚುಕಡಿಮೆ ಎಲ್ಲರೂ ಈ ನಿಯಮದ ಮಕ್ಕಳೇ. ಅಂದರೆ ನಮ್ಮ ಪೌರತ್ವ ನಾವು ಗಳಿಸಿದ್ದಲ್ಲ, ಅಪ್ಪ ಅಮ್ಮನಿಂದ ಬಂದದ್ದು. ಬಸವಣ್ಣನವರ ಜನಿವಾರದ ಹಾಗೆ. ಅದನ್ನು ಯಾರೂ ಕಿತ್ತುಹಾಕಬೇಕಿಲ್ಲ. ದೇಶಗಳಿಗೆ ಗಡಿ ಬೇಕು, ನಿಯಮ ಬೇಕು, ಹಿಂದುಳಿದ ಭಾಗಕ್ಕೆ 371(ಜೆ) ತರದ ಆಸರೆಯೂ ಬೇಕು. ಆದರೆ ಪರೀಕ್ಷೆ ಬರೆಯದೆ ಒಳಗಿರೋ ನಾವು, ಹೊರಗೆ ನಿಂತವರ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ತಗ್ಗಿಸಬಹುದು.

ಆ ಹೊರಗೆ ನಿಂತವರಲ್ಲಿ ನಮ್ಮವರೂ ಇದ್ದಾರೆ ಅನ್ನೋದನ್ನು ಮರೆಯೋದು ಬೇಡ. ಮಳೆ ಕೈಕೊಟ್ಟ ವರ್ಷ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯೋಕೆ ಹೋಗೋ ಕುಟುಂಬಗಳಿಗೆ ಲೆಕ್ಕ ಇಲ್ಲ. ಹಬ್ಬಕ್ಕೆ, ಓಟಿಗೆ ಊರಿಗೆ ಬರ್ತಾರೆ, ಮತ್ತೆ ಹೋಗ್ತಾರೆ. ಅಲ್ಲಿ ಅವರು ಕಟ್ಟಿದ ಮನೆಗಳಲ್ಲಿ ಯಾರೋ ಇರ್ತಾರೆ, ಅವರ ಮಕ್ಕಳನ್ನು ಶಾಲೆಗೆ ಸೇರಿಸೋಕೆ ಮಾತ್ರ ಹತ್ತು ಕಾಗದ ಕೇಳ್ತಾರೆ. ಕಾಯಕವನ್ನೇ ಅರ್ಹತೆ ಅಂತ ಎಣಿಸಿದ್ದರೆ ಅವರು ಎಂದೋ ಆ ಊರುಗಳಿಗೆ ಸೇರಿದವರಾಗಿರ್ತಿದ್ದರು.

ಇಲ್ಲೊಂದು ತಮಾಷೆ ಇದೆ. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟರು. ನಮ್ಮ ವಿಜಯಪುರ ಜಿಲ್ಲೆ ಅದರಲ್ಲಿ ಬರೋದಿಲ್ಲ. ಅಂದರೆ ಹುಟ್ಟೂರಿನ ಲೆಕ್ಕದಲ್ಲಿ ಬಸವಣ್ಣನವರಿಗೇ ಕಲ್ಯಾಣದ ಸ್ಥಳೀಯ ಅನ್ನೋ ಪ್ರಮಾಣಪತ್ರ ಸಿಗಲ್ಲ! ಅವರು ಬಿಟ್ಟು ಹೋದ ಬಾಗೇವಾಡಿ ಈಗ ಬಸವನ ಬಾಗೇವಾಡಿ. ಅವರನ್ನು ಉಳಿಸಿಕೊಳ್ಳಲಾಗದ ಕಲ್ಯಾಣ ಈಗ ಬಸವಕಲ್ಯಾಣ. ಎರಡೂ ಊರುಗಳು ಅವರ ಹೆಸರಿನಿಂದಲೇ ತಮ್ಮ ಗುರುತು ಹೇಳಿಕೊಳ್ತವೆ. ನಮ್ಮ ಕಾಲೇಜಿಗೆ, ನಮ್ಮ ಊರಿಗೆ ಇವತ್ತು ಬ್ಯಾಗ್ ಹೊತ್ತು ಬಂದು ಇಳಿಯೋ ಯಾವ ಹುಡುಗನ, ಯಾವ ಹುಡುಗಿಯ ಹೆಸರು ನಾಳೆ ನಮ್ಮ ಊರಿನ ಗುರುತಾಗುತ್ತೋ ಯಾರಿಗೆ ಗೊತ್ತು? ಅವರು ಕಾಗದ ಪತ್ರ ಹೊಂದಿಸಿಕೊಳ್ಳೋವರೆಗೆ, ಒಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳೋದು ನಮ್ಮ ಕೈಯಲ್ಲಿದೆ.